ಗೋಲ್ಡ್ ಭಾವ ಒಡೆದ ಟಿಕೆಟ್ಟು

ಲಾರಿಗಳನ್ನು ತೂಗುವ ದೊಡ್ಡ ತಕ್ಕಡಿಗಳನ್ನು ಪರೀಕ್ಷಿಸುವುದು ಅವನ ಕೆಲಸ. ಸಿಮೆಂಟ್ ಕಾರ್ಖಾನೆ, ಗುಜರಿ ಅಂಗಳ, ಬಂದರು, ಕಲ್ಲುಗಣಿ, ಎಲ್ಲೆಲ್ಲಿ ಲಾರಿ ತುಂಬುತ್ತಾರೋ ಅಲ್ಲೆಲ್ಲ ನೆಲಕ್ಕೆ ಹೂತಿಟ್ಟ ಒಂದು ಉಕ್ಕಿನ ಹಾಸು ಇರುತ್ತದೆ. ಅದು ನಿಜ ಹೇಳುತ್ತಿದೆಯೋ ಸುಳ್ಳು ಹೇಳುತ್ತಿದೆಯೋ ನೋಡಿ, ಸರಿಪಡಿಸಿ, ಮೊಹರು ಹಾಕಿ ಬರುತ್ತಾನೆ. ಬೂಟಿನೊಳಗೆ ಸಿಮೆಂಟಿನ ಧೂಳು, ಅಂಗಿಯ ಬೆನ್ನಿಗೆ ಗ್ರೀಸಿನ ಕಲೆ. ಈ ಕೆಲಸಕ್ಕಾಗಿ ಊರಿಂದೂರಿಗೆ ಹಾರಬೇಕು. ಹಾರಿ ಹಾರಿ, ವಿಮಾನ ಕಂಪನಿಯವರು ಅವನನ್ನು ಪದೇ ಪದೇ ಹಾರುವವರ ದರ್ಜೆಯಲ್ಲಿ ನೀಲಿಯಿಂದ ಸಿಲ್ವರ್‌ಗೂ ಸಿಲ್ವರ್‌ನಿಂದ ಗೋಲ್ಡ್‌ಗೂ ಏರಿಸಿದರು. ಕಾಲು ನೆಲದ ಮೇಲೆ ನಿಲ್ಲದಿರುವುದು ವಿಮಾನದೊಳಗಿದ್ದಾಗ ಮಾತ್ರ ಎಂಬ ಸ್ಥಿತಿ ಹೋಗಿ, ಮನೆಯಲ್ಲೂ ಹಾಗೇ ಆಯಿತು.

ಗೋಲ್ಡ್ ಭಾವ ಎಂದು ಹೆಸರಿಟ್ಟವನು ಹೆಂಡತಿಯ ತಮ್ಮ. ಮೊದಲ ಸಲ ಕಾರ್ಡು ಬಂದಾಗ ಇವನು ಅದನ್ನು ಊಟದ ಮೇಜಿನ ಮೇಲೆ, ಬಂದವರಿಗೆಲ್ಲ ಕಾಣುವ ಹಾಗೆ, ಉಪ್ಪಿನ ಡಬ್ಬಿಗೆ ಒರಗಿಸಿ ನಿಲ್ಲಿಸಿದ್ದ. ಬಾಮೈದ ಅದನ್ನೆತ್ತಿ ಹಲ್ಲಲ್ಲಿ ಕಚ್ಚಿ ನೋಡಿ, ಅಪ್ಪಟ ಪ್ಲಾಸ್ಟಿಕ್ಕು ಗೋಲ್ಡ್ ಭಾವ, ಎಂದ. ಮನೆಯವರೆಲ್ಲ ನಕ್ಕರು. ಇವನೂ ನಕ್ಕ. ಆದರೆ ಮನಸ್ಸಿನೊಳಗೆ ಆ ಹೆಸರನ್ನು ಬಿರುದಿನ ಹಾಗೆ ಎತ್ತಿಟ್ಟುಕೊಂಡ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನು ಕೊಡೆ ಹಿಡಿಯಲಿಲ್ಲ ಅಷ್ಟೇ. ಕಂಪನಿಯವರು ಕಳಿಸಿದ ಹೊಂಬಣ್ಣದ ಚೀಟಿಯನ್ನು ಪೆಟ್ಟಿಗೆಗೆ ಕಟ್ಟಿದ, ಸ್ಪ್ಯಾನರ್ ತುಂಬಿದ ಚೀಲಕ್ಕೆ ಕಟ್ಟಿದ, ಒಮ್ಮೆ ತರಕಾರಿ ಚೀಲಕ್ಕೂ ಕಟ್ಟಿದ್ದು ಕಂಡು ಹೆಂಡತಿ ಬಿಚ್ಚಿ ಬಿಸಾಕಿದಳು.

ವಿಮಾನ ನಿಲ್ದಾಣದಲ್ಲಂತೂ ಅವನ ವೈಭವ ನೋಡಬೇಕು. ಹತ್ತಲು ಕರೆಯುವ ಎಷ್ಟೋ ಹೊತ್ತಿನ ಮೊದಲೇ ಹೋಗಿ ಹಗ್ಗದ ಪಕ್ಕ ನಿಲ್ಲುತ್ತಿದ್ದ. ಮೊದಲು ಡೈಮಂಡಿನವರು, ಆಮೇಲೆ ಗೋಲ್ಡಿನವರು, ಆಮೇಲೆ ಸಿಲ್ವರ್, ಕೊನೆಗೆ ಉಳಿದ ಮನುಷ್ಯಕುಲ. ಎಲ್ಲರನ್ನೂ ಒಂದೇ ವಿಮಾನ ಒಂದೇ ಹೊತ್ತಿಗೆ ಒಂದೇ ಊರಲ್ಲಿ ಇಳಿಸುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿತ್ತು. ತನ್ನ ಹುಚ್ಚು ತನಗೇ ಕಾಣುವಷ್ಟು ಬುದ್ಧಿಯನ್ನು ದೇವರು ಕೊಟ್ಟಿದ್ದ, ಅದನ್ನು ಬಿಡುವಷ್ಟು ಕೊಟ್ಟಿರಲಿಲ್ಲ. ಗೋಲ್ಡಿನವರು ಕೂತು ಕಾಯುವ ಲೌಂಜಿನಲ್ಲಿ ಮೆತ್ತಗಾದ ಬಿಸ್ಕತ್ತು ತಿನ್ನುತ್ತಾ, ಇದೇ ಬಿಸ್ಕತ್ತು ಮನೆಯಲ್ಲಿ ಕೊಟ್ಟಿದ್ದರೆ ಡಬ್ಬಿಯ ಮುಚ್ಚಳ ಯಾಕೆ ಹಾಕಿಲ್ಲ ಎಂದು ಕೂಗಾಡುತ್ತಿದ್ದೆನಲ್ಲಾ ಎಂದು ತನ್ನಷ್ಟಕ್ಕೇ ನಗುತ್ತಿದ್ದ. ನಗುತ್ತಲೇ ಇನ್ನೊಂದು ತೆಗೆದುಕೊಳ್ಳುತ್ತಿದ್ದ.

ಇಷ್ಟರವರೆಗೆ ಯಾರಿಗೂ ನಷ್ಟವಿಲ್ಲ. ನಷ್ಟ ಶುರುವಾದದ್ದು ಟಿಕೆಟ್ ಒಡೆಯುವ ವಿದ್ಯೆ ಕಲಿತ ಮೇಲೆ.

ಗೋಲ್ಡಿನವರಿಗೆ ಸಿಗುವ ಸೌಭಾಗ್ಯಗಳಲ್ಲಿ ದೊಡ್ಡದು ಇದು: ಪರದೆಯ ಆಚೆ, ಮುಂದಿನ ಭಾಗದಲ್ಲಿ, ಕಾಲು ಚಾಚುವಷ್ಟು ಜಾಗವಿರುವ ಸೀಟು ಖಾಲಿ ಉಳಿದರೆ ಪುಕ್ಕಟೆಯಾಗಿ ಅಲ್ಲಿಗೆ ಕಳಿಸುತ್ತಾರೆ. ಆದರೆ ಗಂಡ ಹೆಂಡತಿ ಒಂದೇ ಬುಕಿಂಗಿನಲ್ಲಿದ್ದರೆ ಯಂತ್ರ ಇಬ್ಬರಿಗೂ ಸೇರಿಸಿ ಎರಡು ಸೀಟು ಹುಡುಕುತ್ತದೆ. ಎರಡು ಸಿಗದಿದ್ದರೆ ಇಬ್ಬರನ್ನೂ ಹಿಂದೆಯೇ ಬಿಡುತ್ತದೆ. ಇದಕ್ಕೆ ಮದ್ದು ಹೇಳಿಕೊಟ್ಟವನು ಲೌಂಜಿನಲ್ಲಿ ಸಿಕ್ಕ ಒಬ್ಬ ಡೈಮಂಡಿನವನು. ಫೋನಿನಲ್ಲಿ ಎರಡು ಕಡೆ ಒತ್ತಿದರೆ ಸಾಕು, ಒಂದು ಬುಕಿಂಗ್ ಎರಡಾಗುತ್ತದೆ. ಯಂತ್ರದ ಲೆಕ್ಕಕ್ಕೆ ನೀವು ಒಂಟಿ. ಒಂದು ಸೀಟು ಎಲ್ಲಾದರೂ ಸಿಕ್ಕೇ ಸಿಗುತ್ತದೆ. ಹಾಗೆಂದು ಅವನು ತಗ್ಗಿದ ದನಿಯಲ್ಲಿ, ಮಂತ್ರ ಉಪದೇಶ ಮಾಡುವವನ ಗಾಂಭೀರ್ಯದಲ್ಲಿ ಹೇಳಿದ್ದ.

ಅಂದಿನಿಂದ ಹೆಂಡತಿಯ ಜೊತೆ ಹೊರಟಾಗಲೆಲ್ಲ ಇವನ ಟಿಕೆಟ್ಟು ಬೇರೆ, ಅವಳದು ಬೇರೆ. ಅವಳಿಗೆ ಹೇಳಲಿಲ್ಲ. ಮುಂದಿನ ಸೀಟು ಬಂದಾಗ ಮುಖ ಸಣ್ಣಗೆ ಮಾಡಿಕೊಂಡು, ಏನು ಮಾಡೋದು, ಒಂದೇ ಸೀಟು ಖಾಲಿ ಇತ್ತಂತೆ, ಅದೃಷ್ಟ ನೋಡು, ಎನ್ನುತ್ತಿದ್ದ. ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು. ದಿನವಿಡೀ ನಿಂತು ಮಾಡುವ ಕೆಲಸ, ಸಂಜೆಯಾದರೆ ಮೊಣಕಾಲು ಹಿಡಿದುಕೊಳ್ಳುತ್ತದೆ. ಹೋಗಿ ಕೂತ್ಕೊಳ್ಳಿ, ನನಗೇನು, ಎಂದು ಅವನನ್ನು ಮುಂದೆ ಕಳಿಸಿ ತಾನು ಹಿಂದೆ, ಇಬ್ಬರು ಅಪರಿಚಿತರ ನಡುವೆ, ಮೊಣಕಾಲು ಮಡಚಿ ಕೂರುತ್ತಿದ್ದಳು. ಅಷ್ಟೇ ಅಲ್ಲ, ನಮ್ಮವರ ಅದೃಷ್ಟ ಎಂದು ತಾಯಿಗೆ ಫೋನಿನಲ್ಲಿ ಹೇಳಿಕೊಳ್ಳುತ್ತಲೂ ಇದ್ದಳು. ಅದನ್ನು ಕೇಳಿಸಿಕೊಂಡಾಗ ಅವನು, ಮುಂದಿನ ಸಲ ಒಡೆಯಬಾರದು ಎಂದುಕೊಳ್ಳುತ್ತಿದ್ದ. ಮುಂದಿನ ಸಲ ಬಂದಾಗ ಬೆರಳು ತಾನಾಗಿ ಹೋಗುತ್ತಿತ್ತು.

ಆ ದಿನ ಬೆಳಗ್ಗೆ ಬಾಮೈದನ ಫೋನು ಬಂತು. ಅತ್ತೆಗೆ ನಾಲ್ಕು ದಿನದಿಂದ ಹೊಟ್ಟೆನೋವಿತ್ತು, ಅದು ಇದ್ದಕ್ಕಿದ್ದಂತೆ ಜೋರಾಗಿ ಆಸ್ಪತ್ರೆಗೆ ಸೇರಿಸಿದ್ದಾರೆ, ಕರುಳಿನಲ್ಲಿ ಗಂಟು, ಮರುದಿನ ಬೆಳಗ್ಗೆಯೇ ಆಪರೇಷನ್. ವಯಸ್ಸಾದ ಜೀವ, ಏನಾಗುತ್ತದೋ ಹೇಳಲಾಗದು ಎಂದು ಡಾಕ್ಟರು ಹೇಳಿದ್ದರು. ಅತ್ತೆಯದು ಒಂದೇ ಹಟ. ಮಗಳು ಬಂದು ಮುಖ ತೋರಿಸುವ ತನಕ ಸಹಿ ಹಾಕುವುದಿಲ್ಲ, ಒಳಗೂ ಹೋಗುವುದಿಲ್ಲ.

ಹೆಂಡತಿ ಫೋನು ಕೆಳಗಿಟ್ಟು, ಎರಡು ಕೈಯಲ್ಲೂ ಅಡುಗೆಕಟ್ಟೆ ಹಿಡಿದು ನಿಂತಳು. ಗೋಲ್ಡ್ ಭಾವನಿಗೆ ತನ್ನ ಕಾಲ ಬಂತು ಅನ್ನಿಸಿತು. ಇಂಥ ದಿನಕ್ಕೇ ತಾನೇ ಕಾರ್ಡು ಇರುವುದು. ಅವಳ ಬೆನ್ನು ಸವರಿ, "ನೀನು ಬಟ್ಟೆ ತುಂಬ್ಕೋ. ಸಂಜೆ ಒಳಗೆ ಅಮ್ಮನ ಮುಂದೆ ಇರ್ತೀಯ. ನಾನಿದೀನಿ" ಎಂದ. ನಾನು ಎಂದರೆ ಕಾರ್ಡು. ಅವಳು ಒಳಗೆ ಹೋಗಿ ಬೀರು ತೆಗೆಯುವಷ್ಟರಲ್ಲಿ ಹನ್ನೊಂದು ಗಂಟೆಯ ವಿಮಾನಕ್ಕೆ ಎರಡು ಟಿಕೆಟ್ ಕಾಯ್ದಿರಿಸಿದ. ಮತ್ತು, ಹೇಳಲು ನಾಚಿಕೆಯಾಗುವ ಮಾತು, ಚಪ್ಪಲಿ ಹಾಕಿಕೊಳ್ಳುವ ಹಾಗೆ, ಯೋಚನೆಯೇ ಇಲ್ಲದೆ, ಅದನ್ನು ಒಡೆದ.

ನಿಲ್ದಾಣ ತಲುಪುವ ಹೊತ್ತಿಗೆ ಆ ವಿಮಾನ ರದ್ದಾಗಿತ್ತು. ಇಂಜಿನಿನಲ್ಲಿ ಏನೋ ದೋಷ. ಮಂದಿಯೆಲ್ಲ ಕೌಂಟರುಗಳ ಮುಂದೆ ಮುಗಿಬಿದ್ದಿದ್ದರು, ಮಕ್ಕಳು ಅಳುತ್ತಿದ್ದವು, ಪೆಟ್ಟಿಗೆಗಳು ಕಾಲಿಗೆ ಅಡ್ಡ ಬರುತ್ತಿದ್ದವು. ಗೋಲ್ಡ್ ಭಾವ ಗಾಬರಿಯಾಗಲಿಲ್ಲ. ರದ್ದಾದರೆ ಗೋಲ್ಡಿನವರಿಗೆ ಯಂತ್ರ ತಾನೇ ಬೇರೆ ಸೀಟು ಹುಡುಕಿ ಕೊಡುತ್ತದೆ, ಸಾಲಿನಲ್ಲಿ ನಿಲ್ಲುವ ಕರ್ಮ ನಮ್ಮದಲ್ಲ ಎಂದು ಹೆಂಡತಿಗೆ ತಿಳಿಸಿ ಹೇಳಿದ. ಹೇಳುತ್ತಿರುವಾಗಲೇ ಫೋನು ಗುಂಯ್‌ಗುಟ್ಟಿತು. ಸಂಜೆಯ ವಿಮಾನ. ಮುಂದಿನ ಭಾಗ, ಕಿಟಕಿ ಪಕ್ಕದ ಸೀಟು.

ಒಂದು ಕ್ಷಣ, ಒಂದೇ ಒಂದು ಕ್ಷಣ, ಅವನಿಗೆ ಖುಷಿಯಾಯಿತು. ಕಿಟಕಿ ಪಕ್ಕ ಎಂದು ಖುಷಿಯಾಯಿತು. ಆಮೇಲೆ ಹೆಂಡತಿಯ ಫೋನೂ ಸದ್ದು ಮಾಡಿತು. ಅವಳು ಓದಿ ಅವನ ಮುಂದೆ ಹಿಡಿದಳು. ಅವಳದು ಮರುದಿನ ಮಧ್ಯಾಹ್ನದ ವಿಮಾನ.

ಗೋಲ್ಡಿನವರ ಕೌಂಟರಿನಲ್ಲಿದ್ದ ಹುಡುಗಿ ಸಮಾಧಾನದವಳು. ಬೆಳಗಿನಿಂದ ಎಲ್ಲರ ಬಾಯಲ್ಲೂ ಬೈಸಿಕೊಂಡಿದ್ದರೂ ಮುಖದ ಮೇಲೆ ಅದರ ಗುರುತಿರಲಿಲ್ಲ. ಇವನು ಎದೆ ಮುಂದೆ ಮಾಡಿ ಕಾರ್ಡು ಇಟ್ಟು, ಏನೋ ತಪ್ಪಾಗಿದೆ, ನಾವಿಬ್ಬರೂ ಒಟ್ಟಿಗೆ ಹೋಗುವವರು, ಇವರ ತಾಯಿಗೆ ನಾಳೆ ಬೆಳಗ್ಗೆ ಆಪರೇಷನ್, ಎಂದ. ಅವಳು ಕೀಲಿ ಒತ್ತಿ ನೋಡಿದಳು. ಮತ್ತೊಮ್ಮೆ ನೋಡಿದಳು.

"ಒಟ್ಟಿಗೆ ಅಂತ ಇಲ್ವಲ್ಲ ಸಾರ್. ಬೇರೆ ಬೇರೆ ಬುಕಿಂಗ್ ಇದೆ. ಇವತ್ತು ಬೆಳಗ್ಗೆ ನೀವೇ ಬೇರೆ ಮಾಡಿದೀರ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಇವನು ಹೆಗಲು ಮುಟ್ಟಿಕೊಳ್ಳಲಿಲ್ಲ, ಜೇಬಿನಲ್ಲಿದ್ದ ಫೋನನ್ನು ಮುಟ್ಟಿಕೊಂಡ. ಹುಡುಗಿ ಒಳ್ಳೆಯ ಮನಸ್ಸಿನಿಂದಲೇ ವಿವರಿಸಿದಳು. ಒಂದೇ ಬುಕಿಂಗಿನಲ್ಲಿದ್ದಿದ್ದರೆ ಗೋಲ್ಡಿನವರ ಜೊತೆಯವರಿಗೂ ಅದೇ ಮರ್ಯಾದೆ. ಇವತ್ತು ಮಧ್ಯಾಹ್ನದ ವಿಮಾನದಲ್ಲಿ ಹಿಂದಿನ ಸಾಲಲ್ಲಿ ಅಕ್ಕಪಕ್ಕದ ಎರಡು ಸೀಟಿದ್ದವು. ನಿಮ್ಮಿಬ್ಬರಿಗೂ ಅವೇ ಬರುತ್ತಿದ್ದವು. ಈಗ ಬೇರೆ ದಂಪತಿಗೆ ಹೋದವು. ಪರವಾಗಿಲ್ಲ ಸಾರ್, ನಿಮಗೆ ಅದಕ್ಕಿಂತ ಒಳ್ಳೆ ಸೀಟೇ ಬಂದಿದೆ.

ಹೆಂಡತಿ ಹುಡುಗಿಯ ಕಡೆ ನೋಡಲಿಲ್ಲ. ಅವನ ಕಡೆ ನೋಡಿದಳು. ದಿನವಿಡೀ ಗಾಜಿನಲ್ಲಿ ಗೀರು ಹುಡುಕುವವಳ ನೋಟ ಅದು.

"ಬೇರೆ ಮಾಡಿದ್ರೆ ನಿಮಗೆ ಮುಂದೆ ಸೀಟು ಸಿಗುತ್ತೆ. ಅದಕ್ಕೆ ಅಲ್ವಾ?"

ಅವನು ತಲೆಯಾಡಿಸಿದ.

"ಪ್ರತಿ ಸಲಾನೂ?"

"ಬಹಳ ಸಲ."

"ಇವತ್ತೂನಾ?"

"ಇವತ್ತು ಯೋಚನೆ ಮಾಡಿ ಮಾಡಿದ್ದಲ್ಲ" ಎಂದ. ಅದೇ ಅವನ ಹತ್ತಿರ ಇದ್ದ ಸಮರ್ಥನೆ. ಹೇಳಿದ ಮೇಲೆ ಅದು ಸಮರ್ಥನೆಯಲ್ಲ, ಇನ್ನೊಂದು ತಪ್ಪೊಪ್ಪಿಗೆ ಎಂದು ಅವನಿಗೇ ಗೊತ್ತಾಯಿತು. ಅವಳು ಕೂಗಾಡಲಿಲ್ಲ. ತನ್ನ ಪೆಟ್ಟಿಗೆ ಎಳೆದುಕೊಂಡು ಹೋಗಿ ದೂರದ ಒಂದು ಕುರ್ಚಿಯಲ್ಲಿ, ಮುಖ ಗೋಡೆಗೆ ಮಾಡಿ ಕೂತಳು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

ತನ್ನ ಸೀಟು ಅವಳಿಗೆ ಕೊಡಿ ಎಂದು ಹುಡುಗಿಯ ಕೈ ಹಿಡಿಯುವುದೊಂದು ಬಾಕಿ, ಹಾಗೆ ಕೇಳಿದ. ಆಗುವುದಿಲ್ಲವಂತೆ. ಬಿಟ್ಟರೆ ಅದು ಕಾಯುವವರ ಪಟ್ಟಿಯಲ್ಲಿ ಮುಂದಿನವರಿಗೆ ಹೋಗುತ್ತದೆ, ದರ್ಜೆಯ ಪ್ರಕಾರ. ಮೊದಲು ಇನ್ನೊಬ್ಬ ಗೋಲ್ಡಿನವರಿದ್ದಾರೆ, ಆಮೇಲೆ ಒಬ್ಬ ಸಿಲ್ವರ್, ಅದಾದ ಮೇಲೆ ನಿಮ್ಮ ಮನೆಯವರು. ಅವರಿಬ್ಬರೂ ತಾವಾಗಿ ಬಂದು ಬೇಡ ಎಂದರೆ ಮಾತ್ರ ಆಗುತ್ತದೆ, ನಾನು ಅವರನ್ನು ಕೇಳುವ ಹಾಗಿಲ್ಲ, ಎಂದಳು. ಕೇಳುವ ಹಾಗಿಲ್ಲ ಎನ್ನುತ್ತಲೇ ಕಣ್ಣನ್ನು ಗೇಟಿನ ಕಡೆ ಒಮ್ಮೆ ಹೊರಳಿಸಿದಳು.

ಈ ನಿಯಮ ಅವನಿಗೆ ಹೊಸದಲ್ಲ. ಎಷ್ಟು ಚೆನ್ನಾದ ವ್ಯವಸ್ಥೆ ಎಂದು ಎಷ್ಟೋ ಜನರಿಗೆ ಅವನೇ ಹೊಗಳಿ ಹೇಳಿದ್ದ. ಮಾಡಿದ್ದುಣ್ಣೋ ಮಹರಾಯ ಎಂದು ತನಗೆ ತಾನೇ ಹೇಳಿಕೊಂಡು ಗೇಟಿನ ಕಡೆ ನಡೆದ.

ಸಿಲ್ವರಿನವಳನ್ನು ಹುಡುಕುವುದು ಕಷ್ಟವಾಗಲಿಲ್ಲ. ಸಿಲ್ವರಿನವರು ಗೋಲ್ಡಿನವರ ಹಗ್ಗದಿಂದ ಒಂದು ಮಾರು ಆಚೆ, ಕರೆದ ತಕ್ಷಣ ನುಗ್ಗುವ ಹಾಗೆ ನಿಂತಿರುತ್ತಾರೆ. ಅವನೂ ಅಲ್ಲಿ ಎರಡು ವರ್ಷ ನಿಂತವನೇ. ಕಿವಿಗೆ ಹಾಕುವ ಶ್ರವಣ ಯಂತ್ರ ಮಾರುವ ಹೆಂಗಸು, ಹೆಗಲಿಗೆ ಮಾದರಿಗಳ ಚೀಲ. ಇವನು ಅತ್ತೆಯ ವಿಷಯ ಹೇಳಿ ಮುಗಿಸುವ ಮೊದಲೇ, ನಾಳೆ ಹೋದರೂ ನಡೆಯುತ್ತದೆ, ಗೋಲ್ಡಿನವರು ಒಪ್ಪಿದರೆ ನನ್ನದೇನೂ ಅಡ್ಡಿಯಿಲ್ಲ, ಎಂದು ಆಕೆ ಕೌಂಟರಿನ ಕಡೆ ಹೊರಟೇಬಿಟ್ಟಳು. ಒಂದು ಮಾತಿಗೆ ಬಿಟ್ಟುಕೊಟ್ಟಳಲ್ಲಾ, ಇಷ್ಟು ಸುಲಭಕ್ಕೆ ಬಿಡುವವರೂ ಇರುತ್ತಾರಾ, ಎಂದು ಅವನಿಗೆ ಆಶ್ಚರ್ಯ. ಅದಕ್ಕೇ ಇನ್ನೂ ಸಿಲ್ವರಿನಲ್ಲಿದ್ದಾಳೆ ಎಂದು ಮನಸ್ಸು ಆಗಲೂ ಅಂದಿತು. ನಾಯಿ ಬಾಲ ಡೊಂಕು.

ಗೋಲ್ಡಿನವರು ಹಗ್ಗದ ಪಕ್ಕದಲ್ಲೇ ಇದ್ದರು. ಸಂಜೆಯ ವಿಮಾನಕ್ಕೆ ಮಧ್ಯಾಹ್ನವೇ ಬಂದು ನಿಂತಿದ್ದ ಅರವತ್ತು ದಾಟಿದ ಯಜಮಾನರು. ಇಸ್ತ್ರಿ ಮಾಡಿದ ಅಂಗಿ, ಟೈ, ಕಿವಿಯಲ್ಲಿ ಇಯರ್‌ಫೋನು, ಕೈಯಲ್ಲಿ ಪುಟ್ಟ ಚೀಲ, ಚೀಲಕ್ಕೆ ಹೊಂಬಣ್ಣದ ಚೀಟಿ. ಪೆಟ್ಟಿಗೆಯಿಲ್ಲ. ಇವನು ಎದುರಿಗೆ ನಿಂತು ಮಾತು ಶುರು ಮಾಡಿದರೆ ಅವರು ಕೇಳಿಸದ ಹಾಗೆ ನೇರ ಮುಂದೆ ನೋಡಿದರು. ಇವನು ಫೋನಿನಲ್ಲಿ ಬಂದ ತನ್ನ ಸೀಟು ತೋರಿಸಿ ಮತ್ತೆ ಶುರು ಮಾಡಿದ. ಅವರು ಒಂದು ಕಿವಿಯಿಂದ ಮಾತ್ರ ಇಯರ್‌ಫೋನು ತೆಗೆದು, ನಿಮಗೆ ಸೀಟು ಇದೆಯಲ್ಲ, ಮತ್ತೇನು, ಎಂದರು.

ಇವನು ಎಲ್ಲ ಹೇಳಿದ. ಅತ್ತೆ, ಆಪರೇಷನ್, ಸಹಿ ಹಾಕದೆ ಕೂತಿರುವುದು. ಅವರು ಸಾವಧಾನವಾಗಿ ಕೇಳಿ, ಪಾಪ, ಎಂದು, ನನಗೂ ಹೋಗಲೇಬೇಕಾಗಿದೆ, ಎಂದರು. ಅಲ್ಲಿ ಯಾರಿದ್ದಾರೆ ಎಂದು ಕೇಳಿದ. ಯಾರೂ ಇಲ್ಲ. ಏನು ಕೆಲಸ ಎಂದು ಕೇಳಿದ. ಕೆಲಸವೂ ಇಲ್ಲ. ಇಳಿದು, ಅಲ್ಲೇ ಗೇಟಿನ ಹತ್ತಿರ ಕೂತಿದ್ದು, ಅದೇ ವಿಮಾನದಲ್ಲಿ ವಾಪಸ್ಸು ಬರುತ್ತಾರೆ. ಈ ವರ್ಷದ ಲೆಕ್ಕಕ್ಕೆ ಒಂದು ಹಾರಾಟ ಕಡಿಮೆ ಬಿದ್ದಿದೆ. ಲೆಕ್ಕದ ಕೊನೆಯ ದಿನವಾದ ಇವತ್ತು ಹಾರದಿದ್ದರೆ ಸಿಲ್ವರಿಗೆ ಇಳಿಯುತ್ತಾರೆ. ನಿವೃತ್ತಿಯಾದ ಮೇಲೆ ಬಾಗಿಲಲ್ಲಿ ನಿಂತು ತನ್ನ ಹೆಸರು ಹಿಡಿದು ಸ್ವಾಗತ ಎನ್ನುವವರು ಈ ಕಂಪನಿಯವರು ಮಾತ್ರ ಎಂದು ಸ್ವಲ್ಪವೂ ನಾಚದೆ ಹೇಳಿದರು.

ಬೇರೆ ಯಾರಾದರೂ ಆಗಿದ್ದರೆ ಇದೆಂಥ ಹುಚ್ಚು ಎಂದು ಸಿಟ್ಟಾಗುತ್ತಿದ್ದರು. ಗೋಲ್ಡ್ ಭಾವನಿಗೆ ಸಿಟ್ಟು ಬರಲಿಲ್ಲ. ಹೋದ ವರ್ಷ ತಕ್ಕಡಿಯೇ ಇಲ್ಲದ ಊರಿಗೆ ತಕ್ಕಡಿ ನೋಡುವುದಿದೆ ಎಂದು ಸುಳ್ಳು ಹೇಳಿ ಹಾರಿಬಂದವನು ತಾನೇ. ಕನ್ನಡಿಯ ಜೊತೆ ಜಗಳವಾಡಿ ಏನು ಪ್ರಯೋಜನ.

ಯಜಮಾನರು ಇಯರ್‌ಫೋನನ್ನು ವಾಪಸ್ಸು ಕಿವಿಗೆ ಇಡುವ ಮೊದಲು ಕೇಳಿದರು, "ಒಂದು ಮಾತು ಹೇಳಿ. ನನ್ನ ಜಾಗದಲ್ಲಿ ನೀವಿದ್ದಿದ್ರೆ ಕೊಡ್ತಿದ್ರಾ?"

ಕೊಡುತ್ತಿದ್ದೆ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಬೆನ್ನ ಹಿಂದೆ ಪೆಟ್ಟಿಗೆಯ ಚಕ್ರದ ಸದ್ದು ಕೇಳಿಸಿತು. ಹೆಂಡತಿ ಗೇಟಿನ ಹತ್ತಿರ ಬಂದು ನಿಂತಿದ್ದಳು. ಅವಳ ಎದುರಿಗೆ ಆ ದಿನ ಇನ್ನೊಂದು ಸುಳ್ಳು ಹೇಳಲು ಅವನಿಂದಾಗಲಿಲ್ಲ.

"ಇಲ್ಲ. ಕೊಡ್ತಿರಲಿಲ್ಲ" ಎಂದ. "ನಿಮ್ಮಷ್ಟು ಮರ್ಯಾದೆಯಿಂದ ಕೇಳಿಸ್ಕೊಳ್ತಾನೂ ಇರಲಿಲ್ಲ. ನಿದ್ದೆ ಬಂದ ಹಾಗೆ ಕಣ್ಣು ಮುಚ್ಕೊಳ್ತಿದ್ದೆ. ನಾನೆಂಥವನು ಅಂದ್ರೆ, ಇವಳ ಅಮ್ಮ ಆಸ್ಪತ್ರೇಲಿದಾರೆ ಅಂತ ಗೊತ್ತಿದ್ದೂ, ಇವತ್ತು ಬೆಳಗ್ಗೆ, ಮುಂದೆ ಕೂರೋ ಆಸೆಗೆ ನಮ್ಮಿಬ್ಬರ ಟಿಕೆಟ್ ಒಡೆದೆ. ಒಡೀದೇ ಇದ್ದಿದ್ರೆ ಇಷ್ಟೊತ್ತಿಗೆ ಇವಳು ದಾರೀಲಿರ್ತಿದ್ಲು. ನಾನು ಮಾಡಿದ್ದಕ್ಕೆ ನೀವು ಯಾಕೆ ದಂಡ ಕಟ್ಟಬೇಕು, ನನಗೂ ಗೊತ್ತಿಲ್ಲ. ಆದ್ರೂ ಕೇಳ್ತಿದೀನಿ."

ಸುತ್ತಲಿದ್ದವರು ತಿರುಗಿ ನೋಡಿದರು. ಕಾರ್ಡು ತೋರಿಸಿ ಗಳಿಸಿದ್ದ ಮಾನವೆಲ್ಲ ಹಗ್ಗದ ಪಕ್ಕದಲ್ಲೇ ಹರಾಜಾಯಿತು. ಆಶ್ಚರ್ಯವೆಂದರೆ ಹೋದದ್ದು ಅಷ್ಟೇನೂ ಭಾರದ ವಸ್ತು ಅನ್ನಿಸಲಿಲ್ಲ. ಅವನಿಗೆ ಭಯವಾಗಿದ್ದದ್ದು ಒಂದಕ್ಕೇ, ಈ ಮನುಷ್ಯ ಇಲ್ಲ ಎಂದುಬಿಟ್ಟರೆ ಅವಳಿಗೆ ಅವಳ ಅಮ್ಮ ಸಿಗುತ್ತಾರೋ ಇಲ್ಲವೋ.

ಯಜಮಾನರು ಎರಡನೆಯ ಕಿವಿಯ ಇಯರ್‌ಫೋನನ್ನೂ ತೆಗೆದರು.

"ಎರಡು ಕಡೆ ಒತ್ತಿದ್ರೆ ಒಡೆಯುತ್ತೆ, ಅದೇ ತಾನೇ?" ಎಂದರು. "ನಮ್ಮ ಕಾಲದಲ್ಲಿ ಕಂಪನಿಗೆ ಫೋನ್ ಮಾಡಿ ಹೇಳಬೇಕಿತ್ತು. ನಾನು ಸ್ನಾನದ ಮನೇಲಿ ನಿಂತು ಮಾಡ್ತಿದ್ದೆ, ಅವಳಿಗೆ ಕೇಳಿಸಬಾರದು ಅಂತ. ನನ್ನಾಕೆಗೆ ಕೊನೇವರೆಗೂ ಹೇಳಲಿಲ್ಲ. ಈಗ ಹೇಳೋಣ ಅಂದ್ರೆ ಅವಳಿಲ್ಲ."

ಅವರು ಗೋಲ್ಡ್ ಭಾವನ ಹೆಂಡತಿಯ ಕಡೆ ತಿರುಗಿ, ಹೋಗಿಬನ್ನಿ ತಾಯಿ ಎಂದಷ್ಟೇ ಹೇಳಿ, ಹಗ್ಗ ದಾಟಿ ಕೌಂಟರಿಗೆ ಹೋದರು. ಅಲ್ಲಿ ಏನು ಹೇಳಿದರೋ, ಹುಡುಗಿ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಳು. ಗೋಲ್ಡ್ ಭಾವನೂ ಹೋಗಿ ತನ್ನ ಸೀಟು ಬಿಟ್ಟ. ಹೊಸ ಚೀಟಿ ಹೊರಬಂತು. ಅದರ ಮೇಲೆ ಹೆಂಡತಿಯ ಹೆಸರಿತ್ತು, ಮುಂದಿನ ಭಾಗ, ಕಿಟಕಿ ಪಕ್ಕ. ಅವಳ ನಾಳೆಯ ಟಿಕೆಟ್ಟು ಇವನಿಗೆ ಬಂತು.

ಸಂಜೆ ಹತ್ತುವ ಹೊತ್ತಿಗೆ ಡೈಮಂಡಿನವರನ್ನು ಕರೆದರು, ಗೋಲ್ಡಿನವರನ್ನು ಕರೆದರು. ಮುಂದಿನ ಭಾಗದವರು ಯಾವಾಗ ಬೇಕಾದರೂ ಹೋಗಬಹುದು ಎಂದು ಅವನು ಹೇಳಿದರೂ ಅವಳು ಕೇಳಲಿಲ್ಲ. ಮನುಷ್ಯಕುಲದ ಸಾಲು ಕರಗುವ ತನಕ ಕಾದು, ಕೊನೆಗೆ ಎದ್ದಳು.  ಎರಡು ಹೆಜ್ಜೆ ಹೋಗಿ ನಿಂತಳು.

"ಅಮ್ಮ ನಿಮ್ಮನ್ನ ಕೇಳಿದ್ರೆ ಏನು ಹೇಳಲಿ?"

"ಇದ್ದದ್ದು ಇದ್ದ ಹಾಗೆ ಹೇಳು."

"ಇವತ್ತು ಹೇಳಲ್ಲ. ಇವತ್ತು ಅವಳಿಗೆ ನೆಮ್ಮದಿ ಬೇಕು" ಎಂದಳು. ಹಿಂತಿರುಗಿ ನೋಡದೆ ಹೋದಳು.

ಲೌಂಜಿನಲ್ಲಿ ಕೂತು ಮನಸ್ಸು ತಣ್ಣಗೆ ಮಾಡಿಕೊಳ್ಳೋಣ ಎಂದು ಹೋದರೆ, ಇವತ್ತಿನ ಟಿಕೆಟ್ ಇಲ್ಲದವರಿಗೆ ಪ್ರವೇಶವಿಲ್ಲ ಎಂದು ಬಾಗಿಲಲ್ಲೇ ತಡೆದರು. ತಡೆದವನು ಪ್ರತಿ ಸಲ ಹೆಸರು ಹಿಡಿದು ಸ್ವಾಗತಿಸುವವನೇ. ಅವತ್ತೂ ಹೆಸರು ಹಿಡಿದೇ ತಡೆದ.

ಮರುದಿನ ಮಧ್ಯಾಹ್ನ ಅವನು ಹಾರಿದ್ದು ಕೊನೆಯ ಸಾಲಿನ ನಡುವಿನ ಸೀಟಿನಲ್ಲಿ. ಬೆನ್ನ ಹಿಂದೆ ಶೌಚಾಲಯದ ಗೋಡೆ, ಸೀಟು ಹಿಂದಕ್ಕೆ ಬಾಗದು. ಎಡಕ್ಕಿದ್ದವನು ನಿದ್ದೆ ಹೋಗಿ ಇವನ ಹೆಗಲಿಗೆ ಒರಗಿದ, ಬಲಕ್ಕಿದ್ದವಳ ಮಗು ಇವನ ಬೆರಳು ಹಿಡಿದುಕೊಂಡಿತು. ಮೊಣಕಾಲು ಮುಂದಿನ ಸೀಟಿಗೆ ಒತ್ತಿ ನೋಯತೊಡಗಿತು. ಇಷ್ಟು ವರ್ಷ ಇಂಥಲ್ಲೇ ಕೂತು ಬಂದು ಅವಳು ತಾಯಿಗೆ ಗಂಡನ ಅದೃಷ್ಟವನ್ನು ಹೊಗಳಿ ಹೇಳುತ್ತಿದ್ದಳಲ್ಲಾ ಎಂದು ನೆನಪಾಯಿತು. ಹತ್ತುವ ಮೊದಲು ಬಾಮೈದನ ಸುದ್ದಿ ಬಂದಿತ್ತು: ಆಪರೇಷನ್ ಆಯಿತು, ಎಚ್ಚರ ಬಂದಿದೆ. ಅದೊಂದು ಇಲ್ಲದಿದ್ದರೆ ಆ ಪ್ರಯಾಣ ಅವನಿಂದ ಮುಗಿಯುತ್ತಿರಲಿಲ್ಲ.

ಆಸ್ಪತ್ರೆಯ ಮೂರನೆಯ ಮಹಡಿಯ ಮೊಗಸಾಲೆಯಲ್ಲಿ ಬಾಮೈದ ಸಿಕ್ಕ. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಗಾಗಿದ್ದವು. ಗೋಲ್ಡ್ ಭಾವ ಎಂದು ಕರೆಯಲಿಲ್ಲ, ಬರೀ ಭಾವ ಎಂದ. ಅಕ್ಕ ಬಂದು ಕೈ ಹಿಡಿದುಕೊಂಡ ಮೇಲೆಯೇ ಅಮ್ಮ ಸಹಿ ಹಾಕಿದ್ದು, ಒಳಗೆ ಕರೆದುಕೊಂಡು ಹೋಗುವ ತನಕ ಆ ಕೈ ಬಿಟ್ಟಿರಲಿಲ್ಲ, ಎಂದ. ಗಂಟನ್ನು ಪೂರ್ತಿ ತೆಗೆದಿದ್ದಾರೆ. ಒಂದು ದಿನ ತಡವಾಗಿದ್ದರೂ ಕರುಳು ಒಡೆಯುತ್ತಿತ್ತಂತೆ. ಗೋಲ್ಡ್ ಭಾವ ಗೋಡೆಗೆ ಒರಗಿ ನಿಂತ. ಒಂದು ದಿನ ಎಂದರೆ ಎಷ್ಟು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬೆರಳು ಎರಡು ಕಡೆ ಒತ್ತುವಷ್ಟು.

ಕೋಣೆಯೊಳಗೆ ಒಬ್ಬರನ್ನೇ ಬಿಡುತ್ತಿದ್ದರು. ಬಾಗಿಲಿನ ಗಾಜಿನಲ್ಲಿ ಹೆಂಡತಿ ಕಂಡಳು, ಹಾಸಿಗೆಯ ಪಕ್ಕ ಸ್ಟೂಲಿನ ಮೇಲೆ ಕೂತಿದ್ದಳು. ರಾತ್ರಿಯೆಲ್ಲ ಅಲ್ಲೇ ಕೂತಿದ್ದಳಂತೆ. ಅವನನ್ನು ನೋಡಿ ತಾಯಿಗೆ ಏನೋ ಹೇಳಿ ಹೊರಗೆ ಬಂದಳು. ಕೂದಲು ಕೆದರಿತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಹೋಗಿ ಮಾತಾಡಿಸಿ ಬನ್ನಿ. ನಾನು ಇಲ್ಲಿರ್ತೀನಿ" ಎಂದಳು.

ಅಷ್ಟೇ. ಯಾರೂ ಬೇಡಿಕೊಳ್ಳಲಿಲ್ಲ, ಯಾರೂ ತಪ್ಪೊಪ್ಪಿಕೊಳ್ಳಲಿಲ್ಲ. ಜಾಗ ಬಿಟ್ಟುಕೊಟ್ಟು ಗೋಡೆಗೆ ಒರಗಿ ನಿಂತಳು. ಅವನು ಒಳಗೆ ಹೋದ. ಸ್ಟೂಲು ಇನ್ನೂ ಬೆಚ್ಚಗಿತ್ತು.

ಅತ್ತೆಯ ಮುಖ ಅರ್ಧಕ್ಕೆ ಇಳಿದುಹೋಗಿತ್ತು. ಮೂಗಿಗೆ ಒಂದು ನಳಿಕೆ, ಕೈಗೊಂದು. ಮಗಳು ಬೆಳಗ್ಗೆ ಹೇಳಿರಲಿಲ್ಲ, ಮಧ್ಯಾಹ್ನ ಎಚ್ಚರವಾದ ಮೇಲೆ ಹೇಳಿದ್ದಾಳೆ ಎಂಬುದು ಅವರ ಕಣ್ಣಲ್ಲೇ ಗೊತ್ತಾಯಿತು. ನೋಡುತ್ತಿದ್ದ ಹಾಗೇ ತುಟಿಯ ಕೊನೆ ಕುಣಿಯಿತು. ನಕ್ಕರೆ ಹೊಲಿಗೆ ಜಗ್ಗುತ್ತದೆ ಎಂದು ತಡೆದುಕೊಂಡರು.

"ಹಿಂದೆ ಕೂತು ಬಂದ್ರಂತೆ" ಎಂದರು. ದನಿ ಎಲ್ಲೋ ಆಳದಿಂದ ಬರುತ್ತಿತ್ತು.

"ಹೌದು ಅತ್ತೆ."

"ಹಿಂದೆ ಕೂತರೂ ಊರು ಬರುತ್ತೆ, ಅಲ್ವಾ?"

ಅವನು ತಲೆ ತಗ್ಗಿಸಿದ. ಕ್ಷಮಿಸಿ ಎನ್ನಬೇಕೆಂದು ವಿಮಾನದಲ್ಲಿ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ. ಅದನ್ನು ಶುರು ಮಾಡಿದ. ಅತ್ತೆ ಕೇಳಿಸಿಕೊಳ್ಳಲಿಲ್ಲ. ಕಣ್ಣು ಬಾಗಿಲಿನ ಗಾಜಿನ ಕಡೆ ಹೋಗಿತ್ತು.

"ಅವಳು ಹೊರಗೆ ನಿಂತಿದಾಳಾ?"

"ಹ್ಞೂಂ. ಇಲ್ಲಿ ಒಬ್ಬರನ್ನೇ ಬಿಡ್ತಾರೆ."

"ಹಾಗಾದ್ರೆ ತಪ್ಪು ತಿಳೀಬೇಡಿ ಅಳಿಯಂದಿರೇ, ನೀವು ಏಳಿ" ಎಂದರು ಅತ್ತೆ. "ನನಗೆ ಅವಳು ಬೇಕು."

ಜೋಡಿಸಿಟ್ಟ ಮಾತು ಬಾಯಲ್ಲೇ ಉಳಿಯಿತು. ಅವನು ಎದ್ದ. ಬಾಗಿಲು ತೆಗೆದು, ಅದನ್ನು ಕೈಯಲ್ಲಿ ಹಿಡಿದು ನಿಂತು, ನಿನ್ನನ್ನ ಕರೀತಿದಾರೆ, ಎಂದ. ಅವಳು ಅವನನ್ನು ದಾಟುವಾಗ ಒಂದು ಗಳಿಗೆ ನಿಂತಳು.

"ನನ್ನ ಕೋಪ ಇನ್ನೂ ಇಳಿದಿಲ್ಲ" ಎಂದಳು. "ಆದ್ರೂ ಇಲ್ಲೇ ಕೂತಿರಿ. ಎಲ್ಲೂ ಹೋಗಬೇಡಿ."

ಮೊಗಸಾಲೆಯ ಬೆಂಚಿನ ಮೇಲೆ ಇನ್ನೂ ನಾಲ್ಕೈದು ಜನ ಕಾಯುತ್ತಿದ್ದರು. ನರ್ಸು ಆಗಾಗ ಬಂದು ಮಗಳು ಯಾರು, ಗಂಡ ಯಾರು, ಅಣ್ಣ ಯಾರು ಎಂದು ಕೇಳಿ ಒಬ್ಬೊಬ್ಬರನ್ನೇ ಕರೆದುಕೊಂಡು ಹೋಗುತ್ತಿದ್ದಳು. ಅಳಿಯ ಯಾರು ಎಂದು ಅವಳು ಕೇಳಲಿಲ್ಲ. ಅವನು ಸ್ವಲ್ಪ ಸರಿದು, ಹೊಸದಾಗಿ ಬಂದ ಒಬ್ಬ ಮುದುಕನಿಗೆ ಜಾಗ ಮಾಡಿಕೊಟ್ಟು, ಕಾಯುತ್ತಾ ಕೂತ.